ಹಳೆ ಟ್ರಾಕ್ಟರ್: ಬೇರಿಂಗ್ ಹಾಕಿಸಬೇಕೇ, ಬೇಡವೇ?

ಟ್ರಾಕ್ಟರ್ ಆರೇಳು ಸಾವಿರ ಗಂಟೆ ದುಡಿದಿದ್ದರೆ, ಮುಂಗಾರಿಗೆ ಮೊದಲೇ ಇಂಜಿನ್ ಬೇರಿಂಗ್ ಹಾಕಿಸಿಬಿಡಿ ಅನ್ನುವವರು ಬಹಳ. ಬರೀ ಗಂಟೆ ಲೆಕ್ಕ ನಂಬಿ ಇಂಜಿನ್ ಬಿಚ್ಚಬಾರದು. ಮೂರು ಗುರುತು ನೋಡಿ.

1. ಆಯಿಲ್ ಒತ್ತಡ: ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಅದರಲ್ಲಿ ಆಯಿಲ್ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯುತ್ತದೆ. ಬೇರಿಂಗ್ ಸವೆದರೆ ಸಂದಿ ದೊಡ್ಡದಾಗಿ ಆಯಿಲ್ ಜಾರಿಹೋಗುತ್ತೆ. ಉಳುಮೆ ಮಾಡಿ ಇಂಜಿನ್ ಕಾದಾಗ, ನಿಧಾನ ರೇಸಿನಲ್ಲಿ ಒತ್ತಡ ತೀರಾ ಇಳಿದರೆ ಸಂಶಯಪಡಿ. ಆದರೆ ಗೇಜೇ ಕೆಟ್ಟಿರಬಹುದು, ಬೇರೆ ಗೇಜಿನಲ್ಲಿ ನೋಡಿ. ಆಯಿಲಿಗೆ ಡೀಸೆಲ್ ಸೇರಿದರೂ, ಆಯಿಲ್ ಪಂಪು ಸವೆದರೂ ಒತ್ತಡ ಇಳಿಯುತ್ತದೆ.

2. ಸದ್ದು: ಹೊರೆ ಬಿದ್ದಾಗ ಕೆಳಗಿನಿಂದ ಬಡಿಯುವ ಸದ್ದು ಬಂದರೆ ಕೂಡಲೇ ನಿಲ್ಲಿಸಿ.

3. ಲೋಹದ ಚೂರು: ಹಳೆ ಆಯಿಲನ್ನು ಬಟ್ಟೆಯಲ್ಲಿ ಸೋಸಿ. ಮಿನುಗುವ ಚೂರು ಸಿಕ್ಕರೆ ಬಿಚ್ಚಿಸಲೇಬೇಕು.

ಮೂರೂ ಇಲ್ಲದಿದ್ದರೆ ಆಯಿಲ್, ಫಿಲ್ಟರ್ ಹೊತ್ತಿಗೆ ಬದಲಿಸಿ ದುಡಿಸಿ. ಸಂಶಯವಿದ್ದರೆ ಚೇಂಬರ್ ಇಳಿಸಿ ಬೇರಿಂಗ್ ನೋಡಿಸಿ. ಒಂದೇ ಸಮ ಬೂದು ಬಣ್ಣವಿದ್ದರೆ ಅಡ್ಡಿಯಿಲ್ಲ. ತಾಮ್ರದ ಬಣ್ಣ ಕಂಡರೆ ಮೇಲಿನ ಮೆತ್ತನೆ ಲೋಹ ಸವೆದಿದೆ ಅಂತ ತಿಳಿಯಿರಿ. ಆಗ ಕ್ರ್ಯಾಂಕಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬರೀ ಹೊಸ ಬೇರಿಂಗ್ ಹಾಕಿ ಫಲವಿಲ್ಲ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಸಾಮಾನ್ಯವಾಗಿ 0.25 ಮಿ.ಮೀ. ಮುಂದಿನ ಸೈಜಿನದು ಹಾಕಬೇಕು. ಗೀರಿಲ್ಲದೆ, ಅಳತೆಯಲ್ಲಿ ದುಂಡಗಿದ್ದರೆ ಮೊದಲಿನ ಸೈಜೇ ಸಾಕು.

ದಪ್ಪ ಆಯಿಲ್ ಸುರಿದು ಸದ್ದು ಮುಚ್ಚಬೇಡಿ. ರಾಡ್ ಮುರಿದು ಬ್ಲಾಕ್ ಒಡೆದರೆ ಬಿತ್ತನೆಯ ಹದವೂ ತಪ್ಪುತ್ತದೆ, ಸಾಲವೂ ಹೆಗಲೇರುತ್ತದೆ.