ಟವರ್ ಪಕ್ಕದ ಮನೆ: ಯಾವ ಪ್ರಶ್ನೆ ಯಾರಿಗೆ?

ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಎಷ್ಟೋ ಪೋಡುಗಳಲ್ಲಿ (ಸೋಲಿಗರ ಹಾಡಿಗಳಲ್ಲಿ) ಫೋನ್ ಮಾಡಬೇಕೆಂದರೆ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಬೇಕು. ಅಲ್ಲಿನವರ ಬೇಡಿಕೆ ಟವರ್ ಕೊಡಿ ಎಂದು. ಅದೇ ಚಾಮರಾಜನಗರ ಜಿಲ್ಲೆಯ ಪಟ್ಟಣಕ್ಕೆ ಇಳಿದರೆ ಮಾತು ತಿರುಗಿಕೊಳ್ಳುತ್ತದೆ. ಗುಂಡ್ಲುಪೇಟೆಯ ಒಂದು ಬಡಾವಣೆಯಲ್ಲಿ ಎದುರು ಮನೆಯವರು ತಾರಸಿಯನ್ನು ಟವರ್ ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಆರು ತಿಂಗಳಲ್ಲಿ ಈಚೆ ಮನೆಯ ಗೃಹಿಣಿಗೆ ತಲೆನೋವು, ನಿದ್ದೆಗೇಡು, ಮೈಯೆಲ್ಲ ಉರಿ. ಮೊಬೈಲ್‌ನಲ್ಲಿ ಹುಡುಕಿದ ಮಗ ಇದು ‘ವಿದ್ಯುತ್ಕಾಂತೀಯ ಅತಿಸಂವೇದನೆ’ ಎಂದು ತೀರ್ಮಾನಿಸುತ್ತಾನೆ. ಮರುದಿನವೇ ಬೀದಿಯ ಇಪ್ಪತ್ತು ಜನರ ಸಹಿಯೊಂದಿಗೆ ಪುರಸಭೆಗೆ ಅರ್ಜಿ ಹೋಗುತ್ತದೆ: ‘ಟವರ್ ವಿಕಿರಣದಿಂದ ನಮಗೆ ಕಾಯಿಲೆ ಬರುತ್ತಿದೆ, ಕೂಡಲೇ ತೆರವುಗೊಳಿಸಿ.’

ಅರ್ಜಿ ಅಲ್ಲಿಂದ ಮುಂದೆ ಹೋಗುವುದು ಅಪರೂಪ. ಪುರಸಭೆಗೆ ವಿಕಿರಣ ಅಳೆಯುವ ಅಧಿಕಾರವಿಲ್ಲ, ದೂರಸಂಪರ್ಕ ಇಲಾಖೆಗೆ ಕಾಯಿಲೆ ಪತ್ತೆ ಮಾಡುವ ಕೆಲಸವಿಲ್ಲ, ವೈದ್ಯರಿಗೆ ಕಟ್ಟಡದ ಪರವಾನಗಿ ಗೊತ್ತಿಲ್ಲ. ಆ ಒಂದು ವಾಕ್ಯದಲ್ಲಿ ಮೂರು ಪ್ರಶ್ನೆಗಳಿವೆ: ಮೈಗೆ ಏನಾಗಿದೆ, ವಿಕಿರಣ ಎಷ್ಟಿದೆ, ಟವರ್‌ಗೆ ಅನುಮತಿ ಕೊಟ್ಟವರು ಯಾರು. ಬಿಡಿಸಿ ಕೇಳಿದರೆ ಮೂರಕ್ಕೂ ಉತ್ತರ ಪಡೆಯುವ ದಾರಿ ಕಾನೂನಿನಲ್ಲಿದೆ. ಕಟ್ಟಿ ಕೇಳಿದರೆ ಒಂದಕ್ಕೂ ಸಿಗುವುದಿಲ್ಲ.

ಮೊದಲು ಮೈ ವಿಚಾರ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಪ್ರಾಗ್ ನಗರದಲ್ಲಿ ಈ ಅತಿಸಂವೇದನೆಯ ವಿಷಯಕ್ಕೆಂದೇ ತಜ್ಞರ ಸಭೆ ಕರೆದು, 2005ರ ಡಿಸೆಂಬರಿನಲ್ಲಿ ಮಾಹಿತಿಪತ್ರ ಹೊರಡಿಸಿತು. ಅದು ಹೇಳುವುದು ಎರಡು ಮಾತು, ಎರಡನ್ನೂ ಒಟ್ಟಿಗೆ ಓದಬೇಕು. ಜನ ಹೇಳುವ ತೊಂದರೆಗಳು ನಿಜ, ಕೆಲವರ ಬದುಕನ್ನೇ ಹೈರಾಣಾಗಿಸುವಷ್ಟು ತೀವ್ರ. ಆದರೆ ಆ ತೊಂದರೆಗಳಿಗೂ ವಿದ್ಯುತ್ಕಾಂತೀಯ ಕ್ಷೇತ್ರಕ್ಕೂ ನಂಟು ಕಲ್ಪಿಸುವ ವೈಜ್ಞಾನಿಕ ಆಧಾರ ಸಿಕ್ಕಿಲ್ಲ, ರೋಗ ನಿರ್ಣಯಕ್ಕೆ ಖಚಿತ ಮಾನದಂಡವೂ ಇಲ್ಲ. ಇದನ್ನು ಪರೀಕ್ಷಿಸುವ ಬಗೆ ಸರಳ. ತಮಗೆ ಸಂವೇದನೆ ಇದೆ ಎನ್ನುವವರನ್ನು ಕೋಣೆಯಲ್ಲಿ ಕೂರಿಸಿ, ಅವರಿಗೂ ಪರೀಕ್ಷಕರಿಗೂ ಗೊತ್ತಾಗದಂತೆ ತರಂಗ ಹೊಮ್ಮಿಸುವ ಉಪಕರಣವನ್ನು ಹಚ್ಚುವುದು, ಆರಿಸುವುದು. ಇಂಥ 46 ಪ್ರಯೋಗಗಳನ್ನು, 1,175 ಮಂದಿಯ ಅನುಭವವನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2010ರಲ್ಲಿ ಪ್ರಕಟವಾಯಿತು. ಉಪಕರಣ ಯಾವಾಗ ಹೊತ್ತಿದೆ ಎಂಬುದನ್ನು ನೆಚ್ಚುವಂತೆ ಗುರುತಿಸಲು ಅವರಿಗೆ ಆಗಲಿಲ್ಲ. ಹೊತ್ತಿದೆ ಎಂದು ನಂಬಿದಾಗ, ಅದು ಆರಿದ್ದರೂ ತಲೆನೋವು ಬಂತು.

ಹಾಗಂತ ‘ಎಲ್ಲ ನಿಮ್ಮ ಭ್ರಮೆ’ ಎಂದು ವೈದ್ಯರು ಎಬ್ಬಿಸಿ ಕಳಿಸಿದರೆ ಒಪ್ಪಬೇಕಿಲ್ಲ. ನೋವು ಭ್ರಮೆಯಲ್ಲ, ಅದರ ಕಾರಣ ಹುಡುಕಬೇಕಾದ್ದು ವೈದ್ಯರ ಕೆಲಸ. ರಕ್ತಹೀನತೆ, ಥೈರಾಯ್ಡ್, ಮೈಗ್ರೇನ್, ರಕ್ತದೊತ್ತಡ, ನಿದ್ರಾಹೀನತೆ, ಆತಂಕ, ಇವುಗಳಲ್ಲಿ ಯಾವುದಾದರೂ ಇದೇ ಲಕ್ಷಣ ಕೊಡಬಲ್ಲದು. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಿಂದ ಇದೆ. ಮೊದಲ ತಪಾಸಣೆಗೆ ಮೈಸೂರಿಗೆ ಓಡಬೇಕಿಲ್ಲ. ಯಾವುದೇ ಆಸ್ಪತ್ರೆಯಲ್ಲಿ ತೋರಿಸಿದರೂ ಕಾಗದಪತ್ರ ಕೇಳಿ ಪಡೆಯಿರಿ: ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಮುಂದೆ ಯಾವ ಕಚೇರಿಗೆ, ಕೋರ್ಟಿಗೆ ಹೋದರೂ ಕೈಯಲ್ಲಿರಬೇಕಾದ ಮೊದಲ ದಾಖಲೆ ಅದೇ.

ಇದನ್ನು ಅಂಗವೈಕಲ್ಯವೆಂದು ಪರಿಗಣಿಸಿ ಎಂದು ಕೇಳೋಣವೆಂದರೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಈ ಅತಿಸಂವೇದನೆ ಸೇರಿಲ್ಲ. ಫ್ರಾನ್ಸಿನ ಟುಲೂಸ್ ನಗರದ ನ್ಯಾಯಮಂಡಳಿ 2015ರಲ್ಲಿ ಒಬ್ಬ ಮಹಿಳೆಗೆ ಈ ಕಾರಣಕ್ಕೆ ಮೂರು ವರ್ಷದ ಭತ್ಯೆ ಕೊಟ್ಟದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಇಂದಿಗೂ ‘ಕೋರ್ಟೇ ಒಪ್ಪಿದೆ’ ಎಂದು ಹಂಚುವವರಿದ್ದಾರೆ. ಆ ತೀರ್ಪು ಆಕೆಯ ಬದುಕು ಎಷ್ಟು ಕುಂಟಿತು ಎಂಬುದನ್ನು ನೋಡಿತೇ ಹೊರತು ಅದಕ್ಕೆ ತರಂಗವೇ ಕಾರಣ ಎಂದು ತೀರ್ಮಾನಿಸಲಿಲ್ಲ. ಕ್ಯಾನ್ಸರ್ ಪ್ರಶ್ನೆಯೇ ಬೇರೆ, ಅದನ್ನು ಇದರೊಂದಿಗೆ ಕಲಸಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೊ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಆಗಿರುವ ಸಾಧ್ಯತೆ ಇದೆ’ ಎಂಬ 2ಬಿ ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಮಾಡಿ 2024ರಲ್ಲಿ ಪ್ರಕಟವಾದ, 63 ಅಧ್ಯಯನಗಳ ವಿಮರ್ಶೆ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ ಎಂದಿತು.

ಎರಡನೆಯ ಪ್ರಶ್ನೆ ಅಳತೆಯದು. ಇಲ್ಲಿ ಭಾರತದ ನಾಗರಿಕನ ಕೈಯಲ್ಲಿ ಒಂದು ಒಳ್ಳೆಯ ಅಸ್ತ್ರವಿದೆ, ಬಳಸುವವರು ಕಡಿಮೆ. 2012ರ ಸೆಪ್ಟೆಂಬರ್ 1ರಿಂದ ದೇಶದ ಟವರ್‌ಗಳ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದಕ್ಕೆ ಇಳಿಸಲಾಯಿತು: 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವ್ಯಾಟ್, 1800ರಲ್ಲಿ 0.9 ವ್ಯಾಟ್. ಕಂಪನಿಗಳು ಪ್ರತಿ ಆಂಟೆನಾ ಕೇಂದ್ರಕ್ಕೂ ಸ್ವಯಂ ದೃಢೀಕರಣ ಸಲ್ಲಿಸಬೇಕು. ದೂರಸಂಪರ್ಕ ಇಲಾಖೆಯ ಕ್ಷೇತ್ರ ಘಟಕಗಳು ಅಲ್ಲಲ್ಲಿ ಆರಿಸಿ ಪರಿಶೀಲಿಸುತ್ತವೆ, ಮೀರಿದವರಿಗೆ ದಂಡವಿದೆ. 2017ರ ಮೇನಲ್ಲಿ ಶುರುವಾದ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ನಿಮ್ಮ ಊರನ್ನು ಹುಡುಕಿದರೆ ಸುತ್ತಲಿನ ಟವರ್‌ಗಳು, ಅವು ನಿಯಮ ಪಾಲಿಸಿವೆಯೇ ಎಂಬುದು ಉಚಿತವಾಗಿ ಸಿಗುತ್ತದೆ. ಅಷ್ಟಕ್ಕೆ ಸಮಾಧಾನವಾಗದಿದ್ದರೆ 4,000 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಮನೆಯಲ್ಲೇ ಅಳತೆ ಮಾಡಿಸಿಕೊಳ್ಳಬಹುದು. ಇಪ್ಪತ್ತು ಮನೆಯವರು ಸಹಿ ಹಾಕುವ ಬದಲು ತಲಾ 200 ರೂಪಾಯಿ ಹಾಕಿದರೆ ಸರ್ಕಾರಿ ಮೊಹರಿನ ಅಳತೆ ವರದಿ ಕೈಗೆ ಬರುತ್ತದೆ. (ಮಿತಿ, ಶುಲ್ಕ ಎರಡನ್ನೂ ಅರ್ಜಿಗೆ ಮುನ್ನ ಅದೇ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.)

ಆನ್‌ಲೈನ್‌ನಲ್ಲಿ ಸಾವಿರ ಚಿಲ್ಲರೆಗೆ ಸಿಗುವ ಮೀಟರ್ ಕೊಂಡು ಗಾಬರಿಯಾದವರೂ ಇದ್ದಾರೆ. ಅಂಥ ಒಂದು ಮೀಟರ್ 5,000 ತೋರಿಸಿ ಕೆಂಪು ದೀಪ ಹಚ್ಚಿ ಕಿರುಚಿತು ಎನ್ನಿ. ಅದರ ಅಳತೆ ಚದರ ಮೀಟರಿಗೆ ಇಷ್ಟು ಮೈಕ್ರೊವ್ಯಾಟ್ ಎಂದಿರುತ್ತದೆ. 0.45 ವ್ಯಾಟ್ ಎಂದರೆ 4,50,000 ಮೈಕ್ರೊವ್ಯಾಟ್; 5,000 ಅದರ ತೊಂಬತ್ತನೇ ಒಂದು ಪಾಲು. ಯಾವ ಅಂಕಿಗೆ ದೀಪ ಕೆಂಪಾಗಬೇಕು ಎಂದು ನಿರ್ಧರಿಸಿದ್ದು ಮೀಟರ್ ತಯಾರಿಸಿದವನು, ಕಾನೂನಲ್ಲ. ಆಂಟೆನಾ ತರಂಗವನ್ನು ಮುಂದಕ್ಕೆ ಬೀಸುತ್ತದೆ, ನೇರ ಕೆಳಕ್ಕಲ್ಲ ಎಂಬುದೂ ನೆನಪಿರಲಿ: ಟವರ್ ಹೊತ್ತ ಮನೆಗಿಂತ ಅದೇ ಎತ್ತರದಲ್ಲಿ ಎದುರಾಗಿರುವ ಮನೆಯಲ್ಲಿ ಅಳತೆ ಮಾಡಿಸುವುದು ಅರ್ಥಪೂರ್ಣ. ಇನ್ನು ಕೈಯಲ್ಲಿರುವ ಫೋನ್. *#07# ಒತ್ತಿದರೆ ಹೆಚ್ಚಿನ ಫೋನ್‌ಗಳು ತಮ್ಮ ಸಾರ್ ಮೌಲ್ಯ, ಅಂದರೆ ಮೈ ಹೀರಿಕೊಳ್ಳುವ ತರಂಗಶಕ್ತಿಯ ಪ್ರಮಾಣ, ತೋರಿಸುತ್ತವೆ. ಅದು ಕಿಲೋಗ್ರಾಮಿಗೆ 1.6 ವ್ಯಾಟ್ ಮೀರುವಂತಿಲ್ಲ.

ಮೂರನೆಯದು ಅನುಮತಿ. ಗುಂಡ್ಲುಪೇಟೆ ಪಟ್ಟಣದಲ್ಲಾದರೆ ಪುರಸಭೆ, ಚಾಮರಾಜನಗರದಲ್ಲಾದರೆ ನಗರಸಭೆ, ತೆರಕಣಾಂಬಿ, ಬೇಗೂರು, ಹಂಗಳದಂಥ ಊರುಗಳಲ್ಲಾದರೆ ಗ್ರಾಮ ಪಂಚಾಯಿತಿ. ದೂರಸಂಪರ್ಕ ಕಾಯ್ದೆ 2023ರ ಕೆಳಗೆ ಬಂದ ಮಾರ್ಗದ ಹಕ್ಕಿನ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ, ಸ್ಥಳೀಯ ಸಂಸ್ಥೆಗಳ ಕೈ ಮೊದಲಿನಷ್ಟು ಸಡಿಲವಿಲ್ಲ. ಆದರೂ ಅವರ ಬಳಿ ಕಡತ ಇರುತ್ತದೆ. ಅದನ್ನು ಹೊರತೆಗೆಯುವ ದಾರಿ ಮಾಹಿತಿ ಹಕ್ಕು ಕಾಯ್ದೆ 2005.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಹಾಗಾಗಿ ಗೋಳು ಬೇಡ, ದಾಖಲೆಯ ಹೆಸರು ಬೇಕು. ಹೀಗೆ ಬರೆದರೆ ಸಾಕು: ‘ಇಂತಹ ವಾರ್ಡಿನ ಇಂತಹ ಸಂಖ್ಯೆಯ ಕಟ್ಟಡದ ಮೇಲೆ ಮೊಬೈಲ್ ಟವರ್ ಸ್ಥಾಪಿಸಲು ಸಲ್ಲಿಕೆಯಾದ ಅರ್ಜಿ, ಅದರ ಜೊತೆಗಿಟ್ಟ ಕಟ್ಟಡ ಸುರಕ್ಷತೆಯ ಎಂಜಿನಿಯರ್ ದೃಢೀಕರಣ, ನೀಡಿರುವ ಅನುಮತಿ ಪತ್ರ ಹಾಗೂ ಈ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಒದಗಿಸಿ.’ ‘ಈ ಟವರ್‌ನಿಂದ ತಲೆನೋವು ಬರುತ್ತದೆಯೇ?’ ಎಂದು ಕೇಳಿದರೆ ಉತ್ತರಿಸಬೇಕಿಲ್ಲ. ದಾಖಲೆಯಲ್ಲಿ ಇಲ್ಲದ ಅಭಿಪ್ರಾಯ ಕೊಡುವುದು ಮಾಹಿತಿ ಅಧಿಕಾರಿಯ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ತಪ್ಪು ಕಚೇರಿಗೆ ಕೊಟ್ಟಿದ್ದರೆ ಐದು ದಿನದಲ್ಲಿ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಜವಾಬ್ದಾರಿ. ಟವರ್ ಕಂಪನಿ ಖಾಸಗಿಯಾದ್ದರಿಂದ ಅದಕ್ಕೆ ನೇರ ಅರ್ಜಿ ಹಾಕಲಾಗದು. ಅದು ಸಲ್ಲಿಸಿದ ಸ್ವಯಂ ದೃಢೀಕರಣವನ್ನು ದೂರಸಂಪರ್ಕ ಇಲಾಖೆಯ ಬೆಂಗಳೂರಿನ ಕರ್ನಾಟಕ ಘಟಕದಿಂದ ಕೇಳಬಹುದು. ಕೇಂದ್ರದ ಕಚೇರಿ ಎಂದು ಹಿಂದಿ, ಇಂಗ್ಲಿಷಿಗೆ ತಡಕಾಡಬೇಕಿಲ್ಲ, ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಲು ಕಾಯ್ದೆಯ 6ನೇ ಸೆಕ್ಷನ್ನೇ ಅವಕಾಶ ಕೊಟ್ಟಿದೆ. ಕೇಂದ್ರ ಇಲಾಖೆಗಳ ಅರ್ಜಿಗಳನ್ನು ಆಯ್ದ ಅಂಚೆ ಕಚೇರಿಗಳಲ್ಲೂ ಸ್ವೀಕರಿಸುತ್ತಾರೆ. ಆಗ ಗಡುವಿಗೆ ಐದು ದಿನ ಕೂಡುತ್ತದೆ.

ಇಷ್ಟರ ನಡುವೆ ಬಹುತೇಕರ ಕಣ್ಣಿಗೆ ಬೀಳದ ಒಂದು ಸಂಗತಿ ಟವರ್ ಬುಡದಲ್ಲೇ ಇರುತ್ತದೆ: ಡೀಸೆಲ್ ಜನರೇಟರ್. ಕರೆಂಟು ಹೋದ ರಾತ್ರಿಗಳಲ್ಲಿ ಅದು ಗುರುಗುಟ್ಟುತ್ತದೆ, ಹೊಗೆ ಕಿಟಕಿಯೊಳಗೆ ಬರುತ್ತದೆ. ನಿದ್ದೆ ಕೆಡಲು, ತಲೆ ಸಿಡಿಯಲು ಅಷ್ಟೇ ಸಾಕು. ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಿ: ಯಾವ ರಾತ್ರಿ ಜನರೇಟರ್ ಓಡಿತು, ಎಷ್ಟು ಹೊತ್ತು, ಯಾವ ದಿನ ತಲೆನೋವು. ತಾಳೆ ಬಿದ್ದರೆ ಕಾನೂನು ಗಟ್ಟಿಯಾಗಿ ನಿಮ್ಮ ಪರ. ಶಬ್ದ ಮಾಲಿನ್ಯ ನಿಯಮಗಳು 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದರೆ ದೂರು ಕೊಡಬಹುದು. ಜಿಲ್ಲಾಡಳಿತ, ಮಾಲಿನ್ಯ ನಿಯಂತ್ರಣ ಮಂಡಳಿ ಇಲ್ಲಿ ಕೈ ಚೆಲ್ಲುವಂತಿಲ್ಲ. ಅದೂ ಆಗದಿದ್ದರೆ ಸಾರ್ವಜನಿಕ ಉಪದ್ರವದ ಕೆಳಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ನಿನಂತೆ ಉಪವಿಭಾಗಾಧಿಕಾರಿಗೆ ಅರ್ಜಿ. ತರಂಗದ ಮೇಲಿನ ಹತ್ತು ದೂರಿಗಿಂತ ಜನರೇಟರ್ ಮೇಲಿನ ಒಂದು ದೂರು ಬೇಗ ಕೆಲಸ ಮಾಡೀತು.

ಕೋರ್ಟುಗಳ ವಿಚಾರಕ್ಕೆ ಬಂದರೆ ಎರಡೂ ಬಗೆಯ ಕತೆಗಳಿವೆ. 2017ರಲ್ಲಿ ಸುಪ್ರೀಂ ಕೋರ್ಟ್ ಗ್ವಾಲಿಯರ್‌ನ ಮನೆಗೆಲಸದ ಕಾರ್ಮಿಕರೊಬ್ಬರ ಅರ್ಜಿಯ ಮೇಲೆ ಒಂದು ಬಿಎಸ್‌ಎನ್‌ಎಲ್ ಟವರ್ ನಿಲ್ಲಿಸಲು ಆದೇಶಿಸಿತು. ಅದು ಆ ಒಂದು ಟವರ್‌ಗೆ ಸೀಮಿತ. ಕೇರಳ ಹೈಕೋರ್ಟ್ 2006ರಲ್ಲಿ ಚೇಮಂಚೇರಿ ಗ್ರಾಮ ಪಂಚಾಯಿತಿಯ ಪ್ರಕರಣದಲ್ಲಿ ಬರೀ ಆತಂಕದ ಮೇಲೆ ಟವರ್ ತಡೆಯಲಾಗದು ಎಂದಿತ್ತು. ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸುವುದು ನಮ್ಮ ‘ಪ್ರೇಮಲೋಕ’ದ ನಾಯಕಿ, ನಟಿ ಜೂಹಿ ಚಾವ್ಲಾ ಅವರ ಪ್ರಕರಣ. 5ಜಿ ವಿರುದ್ಧ ಅವರು ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟ್ 2021ರ ಜೂನ್ 4ರಂದು ತಳ್ಳಿಹಾಕಿ 20 ಲಕ್ಷ ರೂಪಾಯಿ ವೆಚ್ಚ ಹೇರಿತು. ಮರುವರ್ಷ ವಿಭಾಗೀಯ ಪೀಠ ಅದನ್ನು 2 ಲಕ್ಷಕ್ಕೆ ಇಳಿಸಿತು. ಸರ್ಕಾರಕ್ಕೆ ಮೊದಲು ಮನವಿ ಕೊಡದೆ ನೇರ ಕೋರ್ಟಿಗೇ ಬಂದದ್ದೇಕೆ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಎರಡು ತಿಂಗಳ ನೋಟಿಸ್ ಕೇಳುತ್ತದೆ. ತಾರೆಗೆ ಸಿಗದ ರಿಯಾಯಿತಿ ಉಳಿದವರಿಗೆ ಸಿಗುವುದು ಕಷ್ಟ.

ಬಂಡೀಪುರದ ಅಂಚಿನ ಊರುಗಳಿಗೆ ಒಂದು ಮಾತು ಹೆಚ್ಚು. ಪರಿಸರ ಸಚಿವಾಲಯ ಹಕ್ಕಿ, ಜೇನುಗಳ ಮೇಲೆ ಟವರ್‌ಗಳ ಪರಿಣಾಮ ಕುರಿತು ತಜ್ಞರ ಸಮಿತಿ ನೇಮಿಸಿ, 2012ರ ಆಗಸ್ಟಿನಲ್ಲಿ ಸಲಹಾ ಸೂಚನೆ ಹೊರಡಿಸಿತ್ತು. ಸಲಹೆ ಕಾನೂನಲ್ಲ. ಆದರೆ ಕಾಡಂಚಿನಲ್ಲಿ ಟವರ್ ಬರುವಾಗ ಅದನ್ನು ಪರಿಗಣಿಸಿದ್ದೀರಾ ಎಂದು ಅರಣ್ಯ ಇಲಾಖೆಯ ಕಡತ ಕೇಳಬಹುದು.

ಭಯ ಇರುವಲ್ಲಿ ಅಂಗಡಿಯೂ ತೆರೆಯುತ್ತದೆ. 2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸೆಗಣಿಯ ‘ಚಿಪ್’ ತೋರಿಸಿ ಫೋನಿನ ವಿಕಿರಣ ತಗ್ಗಿಸುತ್ತದೆ ಎಂದಾಗ ನೂರಾರು ವಿಜ್ಞಾನಿಗಳು ಪುರಾವೆ ಕೇಳಿದರು. ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ಪತ್ತೆ ಹಚ್ಚಿದ್ದು ಇನ್ನೂ ಮೋಜಿನದು: 5ಜಿ ತಡೆಯುತ್ತವೆ ಎಂದು ಮಾರುತ್ತಿದ್ದ ಹತ್ತು ಬಗೆಯ ಸರ, ಕಡಗ, ಕಣ್ಣುಪಟ್ಟಿಗಳೇ ಅಪಾಯಕಾರಿ ವಿಕಿರಣ ಸೂಸುತ್ತಿದ್ದವು. ಇಂಥ ಸ್ಟಿಕ್ಕರ್, ತಾಯಿತ ಕೊಂಡು ಮೋಸಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಹೂಡಬಹುದು, ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಲ್ಲದು.

ಇದರ ತಲೆಕೆಳಗಾದ ಮೋಸವೂ ಇದೆ: ‘ನಿಮ್ಮ ಹೊಲದಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಮೊದಲು ಎನ್‌ಒಸಿ ಶುಲ್ಕ ಕಟ್ಟಿ’ ಎಂಬ ಫೋನು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಅಂಥ ಎನ್‌ಒಸಿ ಕೊಡುವುದೇ ಇಲ್ಲ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಅರ್ಜಿ, ಮೇಲ್ಮನವಿ, ನೋಟಿಸ್ ಬರೆಯಲು ವಕೀಲರ ಶುಲ್ಕ ಕೊಡಲಾಗದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವೆಗಳ ಸಮಿತಿ ಇವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ನೆರವು ಉಚಿತ. ಸಹಾಯವಾಣಿ 15100. ಹೋಗುವಾಗ ವೈದ್ಯರ ದಾಖಲೆ, ಅಳತೆ ವರದಿ, ಮಾಹಿತಿ ಹಕ್ಕಿನಲ್ಲಿ ಪಡೆದ ಅನುಮತಿ ಪತ್ರದ ನಕಲು ಮೂರನ್ನೂ ಬೇರೆ ಬೇರೆ ಕಡತದಲ್ಲಿ ಒಯ್ಯುವುದು ಒಳ್ಳೆಯದು.