ಮುರಿದದ್ದು ಒಂದೇ ಕಡ್ಡಿ!

ಮಕ್ಕಳೇ, ಬೆಳಗ್ಗೆ ಸೈಕಲ್ ಹತ್ತಿ ಶಾಲೆಗೆ ಹೊರಟಿದ್ದೀರಿ. ದಾರಿಯಲ್ಲಿ ಗುಂಡಿಯೊಂದನ್ನು ದಾಟುವಾಗ ಹಿಂದಿನ ಚಕ್ರದಿಂದ ‘ಟಣ್’ ಎಂದು ಸದ್ದು ಬಂತು. ಇಳಿದು ನೋಡಿದರೆ ಒಂದು ಕಡ್ಡಿ ಮುರಿದು ಜೋತಾಡುತ್ತಿದೆ. “ಇನ್ನೂ ಅಷ್ಟೊಂದು ಕಡ್ಡಿಗಳಿವೆಯಲ್ಲ, ಒಂದು ಹೋದರೇನಂತೆ?” ಎಂದು ಮತ್ತೆ ಹತ್ತಿ ಹೊರಡುತ್ತೀರಾ? ಉತ್ತರ ಹೇಳುವ ಮೊದಲು ಈ ಕಡ್ಡಿಗಳು ಏನು ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯೋಣ.

ಹೊರುವ ಅರ, ಎಳೆಯುವ ಕಡ್ಡಿ

ಎತ್ತಿನ ಗಾಡಿಯ ಚಕ್ರವನ್ನು ನೋಡಿದ್ದೀರಲ್ಲವೇ? ಅದರ ಅರಗಳು ದಪ್ಪ ಮರದವು. ಗಾಡಿಯ ಭಾರ ಚಕ್ರದ ನಡುವಿನ ಭಾಗದ ಮೇಲೆ ಬೀಳುತ್ತದೆ. ಅದರ ಕೆಳಗಿರುವ ಅರಗಳು ಕಂಬಗಳಂತೆ ನಿಂತು ಆ ಭಾರವನ್ನು ಹೊರುತ್ತವೆ. ಸೈಕಲ್ಲಿನ ಕಡ್ಡಿಯಾದರೋ ಸುಮಾರು 2 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ. ಅದು ಕಂಬದ ಕೆಲಸ ಮಾಡಬಲ್ಲದೇ?

ಮಾಡಿ ನೋಡಿ: ತೆಂಗಿನ ಪೊರಕೆಯ ಒಂದು ಉದ್ದನೆಯ ಕಡ್ಡಿ ತೆಗೆದುಕೊಳ್ಳಿ. ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿ. ಕೂಡಲೇ ಬಾಗುತ್ತದೆ. ಈಗ ಅದರ ಎರಡೂ ತುದಿ ಹಿಡಿದು ಎಳೆಯಿರಿ. ಎಷ್ಟು ಎಳೆದರೂ ಸುಲಭವಾಗಿ ತುಂಡಾಗುವುದಿಲ್ಲ.

ಸೈಕಲ್ ಕಡ್ಡಿಯೂ ಹೀಗೆಯೇ. ಒತ್ತಿದರೆ ಬಾಗುತ್ತದೆ, ಎಳೆದರೆ ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದ ಚಕ್ರ ಕಟ್ಟುವಾಗಲೇ ಎಲ್ಲ ಕಡ್ಡಿಗಳನ್ನೂ ಬಿಗಿದು ಎಳೆದಿಟ್ಟಿರುತ್ತಾರೆ. ಕಡ್ಡಿಯ ಒಂದು ತುದಿ ಬಾಗಿರುತ್ತದೆ. ಅದು ಚಕ್ರದ ನಡುವಿನ ಹಬ್‌ನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿಯಲ್ಲಿ ತಿರುಪಿನ ಗೆರೆಗಳಿದ್ದು, ನಿಪ್ಪಲ್ ಎಂಬ ಚಿಕ್ಕ ನಟ್ ಅದನ್ನು ರಿಮ್‌ಗೆ ಬಿಗಿಯುತ್ತದೆ.

ಹಗ್ಗಜಗ್ಗಾಟವನ್ನು ನೆನಪಿಸಿಕೊಳ್ಳಿ. ಮೇಲಿನ ಕಡ್ಡಿಗಳು ಹಬ್ ಅನ್ನು ಮೇಲಕ್ಕೆ ಎಳೆಯುತ್ತವೆ, ಕೆಳಗಿನವು ಕೆಳಕ್ಕೆ ಎಳೆಯುತ್ತವೆ. ಎರಡೂ ತಂಡಗಳು ಸಮ. ನೀವು ಸೈಕಲ್ ಮೇಲೆ ಕುಳಿತಾಗ ರಿಮ್‌ನ ಕೆಳಭಾಗ ತುಸು ಅಮುಕಿಕೊಂಡು, ನೆಲದ ಹತ್ತಿರದ ಕಡ್ಡಿಗಳ ಎಳೆತ ಕಡಿಮೆಯಾಗುತ್ತದೆ. ಮೇಲಿನವುಗಳ ಎಳೆತ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಈ ವ್ಯತ್ಯಾಸವೇ ನಿಮ್ಮ ಭಾರವನ್ನು ತಾಳಿಕೊಳ್ಳುತ್ತದೆ!

ಇಂಗ್ಲೆಂಡಿನ ಜಾರ್ಜ್ ಕೇಯ್ಲಿ ಎಂಬ ವಿಜ್ಞಾನಿ 1808ರಲ್ಲಿಯೇ ಈ ಉಪಾಯವನ್ನು ಯೋಚಿಸಿದ್ದರು. ಹಾರುವ ಯಂತ್ರಕ್ಕೆ ಹಗುರವಾದ ಚಕ್ರ ಬೇಕಾಗಿತ್ತು. ಮರದ ಅರಗಳ ಬದಲು ಬಿಗಿದ ಹುರಿ ಸಾಕೆಂದು ಅವರು ಬರೆದಿಟ್ಟರು. 1874ರಲ್ಲಿ ಅದೇ ದೇಶದ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಓರೆಯಾಗಿ ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಿಮ್ಮ ಸೈಕಲ್ಲಿನಲ್ಲಿಯೂ ಕಡ್ಡಿಗಳು ಒಂದನ್ನೊಂದು ದಾಟಿ ಹೋಗಿರುವುದನ್ನು ಗಮನಿಸಿ.

ಕಡ್ಡಿ ಮುರಿಯುವುದೇಕೆ?

ಗುಂಡಿಗೆ ಬಿದ್ದದ್ದರಿಂದಲೇ ಮುರಿಯಿತೆಂದು ನೀವು ಹೇಳಬಹುದು. ನಿಜವಾದ ಕಾರಣ ಅದಕ್ಕಿಂತ ಹಳೆಯದು. ಚಕ್ರ ಒಂದು ಸುತ್ತು ಉರುಳಿದಾಗ ಪ್ರತಿಯೊಂದು ಕಡ್ಡಿಯೂ ಒಮ್ಮೆ ಕೆಳಗೆ ಬಂದು ಸಡಿಲವಾಗಿ, ಮತ್ತೆ ಬಿಗಿಯಾಗುತ್ತದೆ. ದೊಡ್ಡ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು. ಶಾಲೆ 4 ಕಿ.ಮೀ. ದೂರವಿದ್ದರೆ, ಹೋಗಿ ಬರುವಷ್ಟರಲ್ಲಿ 3,600 ಸುತ್ತು. 200 ದಿನ ಶಾಲೆಗೆ ಬಂದರೆ 7,20,000 ಸಲ ಒಂದೊಂದು ಕಡ್ಡಿಯೂ ಸಡಿಲವಾಗಿ ಬಿಗಿಯಾಗಿರುತ್ತದೆ!

ತಂತಿಯೊಂದನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವುದನ್ನು ನೀವು ಕಂಡಿದ್ದೀರಿ. ಕಡ್ಡಿಯಲ್ಲಿಯೂ ಹೀಗೆಯೇ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ನಿಧಾನವಾಗಿ ಬೆಳೆಯುತ್ತದೆ. ಇದೇ ಲೋಹದ ದಣಿವು. ಹೆಚ್ಚಾಗಿ ಹಬ್ ಬಳಿಯ ಬಾಗಿದ ಜಾಗದಲ್ಲಿ, ಇಲ್ಲವೇ ನಿಪ್ಪಲ್ ಬಳಿಯ ತಿರುಪಿನ ಜಾಗದಲ್ಲಿ ಕಡ್ಡಿ ಮುರಿಯುತ್ತದೆ. ಸಡಿಲವಾದ ಕಡ್ಡಿಗಳು ಹೆಚ್ಚು ಅಲುಗಾಡುವುದರಿಂದ ಬೇಗ ದಣಿಯುತ್ತವೆ. ಸವಾರನ ಭಾರ, ಕ್ಯಾರಿಯರ್ ಮೇಲಿನ ಭಾರ ಎರಡೂ ಹಿಂದಿನ ಚಕ್ರದ ಮೇಲೆ ಹೆಚ್ಚು ಬೀಳುತ್ತವೆ. ಆದ್ದರಿಂದಲೇ ಹಳೆಯ ಮಾದರಿಯ ಕಪ್ಪು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿಗಳಿರುತ್ತವೆ.

ಒಂದು ಹೋದರೇನಾಗುತ್ತದೆ?

ಚಕ್ರವನ್ನು ಹಿಂದಿನಿಂದ ನೋಡಿ. ಅರ್ಧದಷ್ಟು ಕಡ್ಡಿಗಳು ರಿಮ್ ಅನ್ನು ಎಡಕ್ಕೆ ಎಳೆಯುತ್ತವೆ, ಉಳಿದರ್ಧ ಬಲಕ್ಕೆ ಎಳೆಯುತ್ತವೆ. ಇಲ್ಲಿಯೂ ಹಗ್ಗಜಗ್ಗಾಟ! ಎಡಗಡೆಯ ಒಂದು ಕಡ್ಡಿ ಮುರಿದರೆ ಆ ಜಾಗದಲ್ಲಿ ರಿಮ್ ಬಲಕ್ಕೆ ವಾಲುತ್ತದೆ. ಚಕ್ರ ಓಲಾಡತೊಡಗುತ್ತದೆ. ಇದನ್ನೇ ‘ಬೆಂಡ್ ಆಗಿದೆ’ ಎನ್ನುವುದು. ರಿಮ್ ಬ್ರೇಕ್ ರಬ್ಬರಿಗೆ ಉಜ್ಜುತ್ತದೆ. ಮುರಿದ ಕಡ್ಡಿಯ ಕೆಲಸ ಅಕ್ಕಪಕ್ಕದವುಗಳ ಮೇಲೆ ಬಿದ್ದು, ಅವೂ ಬೇಗ ದಣಿಯುತ್ತವೆ. ಹಾಗೆಯೇ ಓಡಿಸುತ್ತಿದ್ದರೆ ಎರಡನೆಯದು, ಮೂರನೆಯದು ಮುರಿದು ರಿಮ್ಮೇ ಸೊಟ್ಟಗಾಗಬಹುದು. ಜೋತಾಡುವ ತುಂಡು ಚೈನಿಗೋ ಫ್ರೇಮಿಗೋ ಸಿಕ್ಕಿದರೆ ಚಕ್ರ ಒಮ್ಮೆಲೇ ನಿಂತು ನೀವು ಬೀಳುತ್ತೀರಿ.

ಹಾಗಾದರೆ ಏನು ಮಾಡಬೇಕು?

1. ಕೂಡಲೇ ಇಳಿಯಿರಿ. ಚಕ್ರ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ.

2. ಮುರಿದ ತುಂಡನ್ನು ತೆಗೆಯಲು ಬಂದರೆ ತೆಗೆಯಿರಿ. ಬಾರದಿದ್ದರೆ ಪಕ್ಕದ ಕಡ್ಡಿಗೆ ದಾರದಿಂದ ಬಿಗಿಯಾಗಿ ಕಟ್ಟಿ.

3. ಹಿಂಬದಿಯಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ. ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೇ ಕ್ಷೇಮ. ರಿಮ್ ಬ್ರೇಕಿಗೆ ಉಜ್ಜುತ್ತದೆಂದು ಬ್ರೇಕನ್ನು ಮಾತ್ರ ಬಿಚ್ಚಬೇಡಿ.

4. ಅಂದೇ ಸೈಕಲ್ ರಿಪೇರಿ ಅಂಗಡಿಗೆ ಒಯ್ಯಿರಿ. ಹೊಸ ಕಡ್ಡಿ ಹಳೆಯದರಷ್ಟೇ ಉದ್ದ, ಅಷ್ಟೇ ದಪ್ಪ ಇರಬೇಕು.

ಅಂಗಡಿಯವರು ಬೆಂಡ್ ತೆಗೆಯುವುದನ್ನು ನಿಂತು ನೋಡಿ. ಚಕ್ರವನ್ನು ತಿರುಗಿಸಿ, ರಿಮ್ ಎಲ್ಲಿ ವಾಲಿದೆ ಎಂದು ಮೊದಲು ಗುರುತಿಸುತ್ತಾರೆ. ಬಲಕ್ಕೆ ವಾಲಿದ್ದರೆ ಅಲ್ಲಿ ಎಡಗಡೆಯ ನಿಪ್ಪಲ್ಲುಗಳನ್ನು ತುಸು ಬಿಗಿಗೊಳಿಸಿ, ಬಲಗಡೆಯವನ್ನು ತುಸು ಸಡಿಲಿಸುತ್ತಾರೆ. ಒಂದೇ ಸಲಕ್ಕೆ ಹೆಚ್ಚು ತಿರುಗಿಸುವುದಿಲ್ಲ. ಪ್ರತಿ ಸಲವೂ ಚಕ್ರ ತಿರುಗಿಸಿ ನೋಡುತ್ತಾರೆ. ಕಡ್ಡಿಯ ತುದಿ ನಿಪ್ಪಲ್ ದಾಟಿ ರಿಮ್‌ನ ಒಳಕ್ಕೆ ಚಾಚಿದ್ದರೆ ಟ್ಯೂಬ್ ಪಂಕ್ಚರ್ ಆಗುತ್ತದೆ. ಅದಕ್ಕೇ ಆ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡುತ್ತಾರೆ.

ಕಿವಿಯಿಂದ ಪರೀಕ್ಷೆ

ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಚಕ್ರ ಅಲುಗಾಡದಂತೆ ಗೆಳೆಯರೊಬ್ಬರು ಹಿಡಿದಿರಲಿ. ಒಂದೊಂದೇ ಕಡ್ಡಿಯನ್ನು ತಂಬೂರಿಯ ತಂತಿಯಂತೆ ಬೆರಳಿನಿಂದ ಮೀಟಿ. ಬಿಗಿಯಾದ ಕಡ್ಡಿ ‘ಟಿಣ್’ ಎನ್ನುತ್ತದೆ. ಸಡಿಲವಾದದ್ದರ ದನಿ ಮಂದ. ಅಂಥ ಕಡ್ಡಿಗೆ ದಾರ ಕಟ್ಟಿ ಗುರುತು ಮಾಡಿ, ಮುರಿಯುವ ಮೊದಲೇ ಅಂಗಡಿಯವರಿಗೆ ತೋರಿಸಿ.

ಈಗ ಹೇಳಿ, ಒಂದು ಕಡ್ಡಿ ಹೋದರೆ ಏನಂತೆ?

ನೀವೇ ಕಂಡುಹಿಡಿಯಿರಿ

* ನಿಮ್ಮ ಸೈಕಲ್ಲಿನ ಎರಡೂ ಚಕ್ರಗಳ ಕಡ್ಡಿಗಳನ್ನು ಎಣಿಸಿ. ಎರಡೂ ಸಮವೇ?

* ಟಯರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರವನ್ನು ಒಂದು ಸುತ್ತು ಉರುಳಿಸಿ ದೂರ ಅಳೆಯಿರಿ. ಮನೆಯಿಂದ ಶಾಲೆಗೆ ಎಷ್ಟು ಸುತ್ತು?

* ಎತ್ತಿನ ಗಾಡಿಗೆ ತಂತಿಯ ಕಡ್ಡಿಗಳನ್ನು ಬಿಗಿಯದೆ ಸುಮ್ಮನೆ ಸಿಕ್ಕಿಸಿದರೆ ಏನಾಗಬಹುದು? ಯೋಚಿಸಿ.