ಇನ್ನೊಂದು ಕೈ ಯಾರು ಹಿಡೀತೀರಿ?

ವಿಮೋಚನಕಾಂಡ 17ನೇ ಅಧ್ಯಾಯ ನೋಡಿ. ಮೋಶೆಯ ಕೈ ಸೋತಾಗ ಆರೋನ, ಹೂರ ಉಪದೇಶ ಮಾಡಲಿಲ್ಲ. ಕೂರಲು ಕಲ್ಲು ತಂದಿಟ್ಟರು. ಸೂರ್ಯ ಮುಳುಗುವ ತನಕ ಒಂದೊಂದು ಕೈಯನ್ನು ಒಬ್ಬೊಬ್ಬರು ಹಿಡಿದರು.

ಗಂಡನ ಹೆಸರು ಜೀವಸಾರ್ಥಕತೆಯ ಕಿಡ್ನಿ ಪಟ್ಟಿಯಲ್ಲಿದೆ ಅಂದ್ರೆ ಹೆಂಡತಿಯೂ ಕಾಯ್ತಿದ್ದಾಳೆ. ವಾರಕ್ಕೆ ಸಾಮಾನ್ಯವಾಗಿ 3 ಡಯಾಲಿಸಿಸ್, ಒಂದೊಂದೂ ಸುಮಾರು 4 ತಾಸು. ನೀರೂ ಅಳತೆಯಲ್ಲೇ. ಒಂದು ಕೈ ಅವಳು ಹಿಡಿದಿದ್ದಾಳೆ, ಇನ್ನೊಂದು ಸಭೆಯದ್ದು.

ನಡುರಾತ್ರಿ ಆಸ್ಪತ್ರೆಯಿಂದ ಫೋನ್ ಬಂದರೆ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಬೇಕು. ಕಾರ್ ಇರುವ ತಮ್ಮಂದಿರೇ, ನಂಬರ್ ಈಗಲೇ ಕೊಟ್ಟಿಡಿ. ತಂಗಿಯರೇ, ಮಕ್ಕಳನ್ನು ನೋಡ್ಕೊಳ್ಳಿ.

ಆ ಫೋನಿನ ಹಿಂದೆ ಇನ್ನೊಂದು ಮನೆಯ ಸಾವಿದೆ. ಆದ್ದರಿಂದ "ಬೇಗ ಕಿಡ್ನಿ ಸಿಗಲಿ" ಅಂತಷ್ಟೇ ಬೇಡಬೇಡಿ. "ಕರ್ತನೇ, ಅಳುವ ಆ ಮನೆಯನ್ನೂ ಸಂತೈಸು" ಅನ್ನಿ. ಆಮೆನ್.